ಟ್ರಾಮ್‌ಗೆ ಅದರದ್ದೇ ದಾರಿ ಬಿಡಿ

ಸಂಪಾದಕರಿಗೆ ನಮಸ್ಕಾರ,

ಊರಿನ ಬಡಾವಣೆಗಳನ್ನ ಜೋಡಿಸೋಕೆ ಹೊಸ ಟ್ರಾಮ್ (ರಸ್ತೆಯಲ್ಲೇ ಹಾಕಿದ ಹಳಿ ಮೇಲೆ ಓಡೋ ಗಾಡಿ) ಲೈನ್ ಅಂದ ತಕ್ಷಣ ಎಲ್ಲರೂ ಮ್ಯಾಪ್ ಮೇಲೆ ಗೆರೆ ಎಳೆಯೋಕೆ ಕೂತ್ಕೋತಾರೆ, ಆದ್ರೆ ಅರ್ಧ ಕಷ್ಟ ಇರೋದು ರಸ್ತೆ ಕೆಳಗೆ. ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್ಲು ಇವನ್ನೆಲ್ಲ ಹಳಿ ಹಾಕೋ ಮುಂಚೆನೇ ಪಕ್ಕಕ್ಕೆ ಸರಿಸ್ಬೇಕು, ಇಲ್ಲಾಂದ್ರೆ ನಾಳೆ ಪೈಪ್ ಒಡೆದಾಗ ರಿಪೇರಿಗೆ ಅಂತ ಟ್ರಾಮನ್ನೇ ನಿಲ್ಲಿಸಬೇಕಾಗತ್ತೆ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಈ ಕೆಲಸ ಎಳೆದೂ ಎಳೆದೂ, ಗುತ್ತಿಗೆದಾರರ ಜೊತೆ ಜಗಳನೂ ಸೇರಿ, ಖರ್ಚು 776 ಮಿಲಿಯನ್ ಪೌಂಡ್ ಮುಟ್ತು, 2014ರಲ್ಲಿ ಓಡೋಕೆ ಶುರುವಾದಾಗ ಲೈನೂ ಮೊದಲು ಹೇಳಿದ್ದಕ್ಕಿಂತ ಗಿಡ್ಡ.

ಅದಕ್ಕಿಂತ ನನಗೆ ಮುಖ್ಯ ಅನ್ಸೋದು ಪ್ರತ್ಯೇಕ ಲೇನ್. ಬಸ್ ಆದ್ರೆ ಪಕ್ಕಕ್ಕೆ ತಿರುಗಿಸ್ಕೊಂಡು ಹೋಗತ್ತೆ, ಟ್ರಾಮ್‌ಗೆ ಅದಾಗಲ್ಲ, ಯಾರೋ ಒಬ್ರು ಎರಡು ನಿಮಿಷ ಅಂತ ಹಳಿಗೆ ತಾಗೋ ಹಾಗೆ ಕಾರ್ ನಿಲ್ಸಿದ್ರೆ ಹಿಂದೆ ಬರೋ ಟ್ರಾಮ್‌ಗಳೆಲ್ಲ ಸಾಲಾಗಿ ನಿಲ್ಲತ್ವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 1994ರಲ್ಲಿ ಹೊಸ ಲೈನ್ ಬಂದಾಗ ಊರಿನ ನಡುವಿನ ಜಾಗದಲ್ಲಿ ಕಾರುಗಳಿಗೇ ಕಡಿವಾಣ ಹಾಕಿದ್ರು, ಆ ಧೈರ್ಯ ಬೇಕು.

ಸ್ಟಾಪಿನ ಕಟ್ಟೆ ಟ್ರಾಮಿನ ನೆಲದ ಮಟ್ಟಕ್ಕೇ ಇರಲಿ. ಮಂಡಿ ಮೇಲೆ ಕೈಯೂರಿ ಬಸ್ಸಿನ ಮೆಟ್ಟಿಲು ಹತ್ತೋ ಅಜ್ಜಿನ ನೋಡಿದೋರಿಗೆ ಇದ್ಯಾಕೆ ಅಂತ ಬಿಡಿಸಿ ಹೇಳ್ಬೇಕಿಲ್ಲ. ಹಾಗೇ ಸೈಕಲ್ ದಾರಿ ಹಳಿನ ನೇರ ಅಡ್ಡಕ್ಕೇ ದಾಟಬೇಕು, ಓರೆಯಾಗಿ ದಾಟಿದ್ರೆ ಚಕ್ರ ಹಳಿ ಸಂದಿಗೆ ಸಿಕ್ಕಿ ಬೀಳ್ತಾರೆ.

ಡ್ರಾಯಿಂಗ್ ಫೈನಲ್ ಆಗೋ ಮುಂಚೆ ಟ್ರಾಮ್ ಹೋಗೋ ರಸ್ತೆಯ ಜನಕ್ಕೆ ಒಮ್ಮೆ ತೋರಿಸಿ.

ಇಂತಿ,
ಒಬ್ಬ ಓದುಗ