ಅಪ್ಪನ ಆಧಾರ (ಜಾಗದ ಪತ್ರ) ಓದಲು ಬಾರದ ಮಕ್ಕಳು

ಮಾನ್ಯ ಸಂಪಾದಕರೇ,

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಓದುವುದು ಮರಣವಾರ್ತೆ, ಆಮೇಲೆ ಕೋರ್ಟ್ ನೋಟಿಸು. ವಯಸ್ಸಾದ ಮೇಲೆ ಹಾಗೇ ಅಲ್ವಾ. ಮೊದಲಿನದರಲ್ಲಿ ಕಂಡ ಮನೆಹೆಸರು ಕೆಲವೊಮ್ಮೆ ನಾಲ್ಕೈದು ವರ್ಷ ಕಳೆದು ಎರಡನೆಯದರಲ್ಲಿ ಕಾಣುತ್ತದೆ. ವಾದಿಯದ್ದೂ ಅದೇ ಮನೆ, ಪ್ರತಿವಾದಿಗಳದ್ದೂ ಅದೇ ಮನೆ. ನಮ್ಮ ಮನೆಯ ಹೆಸರೂ ಬರುವುದರಲ್ಲಿತ್ತು, ಸ್ವಲ್ಪದರಲ್ಲಿ ತಪ್ಪಿತು. ಅದನ್ನೇ ಬರೆಯುತ್ತಿದ್ದೇನೆ. ಪತ್ರ ಹಾಕಿದರೆ ನನ್ನ ಹೆಸರು ಮಾತ್ರ ಹಾಕಬೇಡಿ. ಊರು ಸಣ್ಣದು.

ತವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಈಗ ಮಂಗಳೂರಿನಲ್ಲಿದ್ದೇನೆ. ನಾವು ನಾಲ್ವರು: ಬೆಂಗಳೂರಿನಲ್ಲಿರುವ ಅಣ್ಣ, ನಾನು, ಪುತ್ತೂರಿಗೆ ಮದುವೆಯಾದ ತಂಗಿ, ಮನೆಯಲ್ಲೇ ಉಳಿದ ತಮ್ಮ. ಇರುವುದು ಮೂರು ಎಕರೆ ಚಿಲ್ಲರೆ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ಅಜ್ಜ ತೋಡಿಸಿದ ನೀರಿನ ಸುರಂಗ. ತೋಟಕ್ಕೆ ನೀರು ಅದರಿಂದಲೇ. ಅಪ್ಪ 2016ರಲ್ಲಿ ಹೋದರು, ಅಮ್ಮ 2018ರಲ್ಲಿ. ಇಬ್ಬರೂ ಏನನ್ನೂ ಬರೆದಿಡಲಿಲ್ಲ. ವೀಲುನಾಮೆಯ ಮಾತೆತ್ತಿದರೆ ಅಪ್ಪ, "ನನ್ನನ್ನು ಬೇಗ ಕಳಿಸುವ ಅರ್ಜೆಂಟಾ?" ಎನ್ನುತ್ತಿದ್ದರು.

2019ರಲ್ಲಿ ತಮ್ಮ ಫೋನ್ ಮಾಡಿದ. ಸೊಸೈಟಿಯ ಸಾಲ ಹೊಸದು ಮಾಡಬೇಕು, ಜಾಗ ಇನ್ನೂ ಅಪ್ಪನ ಹೆಸರಿನಲ್ಲೇ ಉಂಟು, ನೀವು ಮೂವರೂ ಬಂದು ಒಂದು ಕಾಗದಕ್ಕೆ ರುಜು ಹಾಕಬೇಕು ಎಂದ. ಹೋದೆವು. ಕಾಗದ ಬರೆದವರು ಮಲಯಾಳದಲ್ಲಿ ಬರೆದಿದ್ದರು. ಗಡಿಬಿಡಿಯಲ್ಲಿ ಒಮ್ಮೆ ಓದಿದರು, ನಾವು ತಲೆಯಾಡಿಸಿದೆವು, ರುಜು ಹಾಕಿದೆವು, ಹೋಟೆಲಿನಲ್ಲಿ ಗೋಳಿಬಜೆ ತಿಂದು ಅವರವರ ಬಸ್ಸು ಹಿಡಿದೆವು. ಎರಡು ವರ್ಷದ ಮೇಲೆ ಮಲಯಾಳ ಮೀಡಿಯಂನಲ್ಲಿ ಓದುವ ಸಂಬಂಧಿಕರ ಹುಡುಗಿಯೊಬ್ಬಳು ಅದರ ಪ್ರತಿ ನೋಡಿ ಕೇಳಿದಳು, "ದೊಡ್ಡಮ್ಮ, ಇದು ಒಳಿಮುರಿ. ನಿಮ್ಮ ಹಕ್ಕೆಲ್ಲ ಬಿಟ್ಟುಕೊಟ್ಟಿದ್ದೀರಲ್ಲ, ಗೊತ್ತುಂಟಾ?" ನಮ್ಮ ಮಾತಿನಲ್ಲಿ ಹಕ್ಕು ಖುಲಾಸೆ.

ನಾನು ತಮ್ಮನಿಗೆ ಫೋನ್ ಮಾಡಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಮೂರು ವರ್ಷ ಮಾತು ಬಿಟ್ಟೆವು. ಅವನ ಮಗಳ ನಿಶ್ಚಿತಾರ್ಥಕ್ಕೆ ನಾನು ಹೋಗಲಿಲ್ಲ. ಅಣ್ಣ ವಕೀಲರ ಹತ್ತಿರ ನೋಟಿಸು ಬರೆಸಿದ. ಈ ಮೂರು ವರ್ಷದಲ್ಲಿ ನಾವು ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಆ ಕಾಗದ ತಮ್ಮನಿಗಾದರೂ ಅರ್ಥವಾಗಿತ್ತಾ?

ಕೊನೆಗೆ ಕೇಳಿದವಳು ತಂಗಿ. ಅವನು ಹೇಳಿದ್ದು ಇಷ್ಟೆ. "ನಾನು ಕಲಿತದ್ದೂ ನಿಮ್ಮ ಹಾಗೆ ಕನ್ನಡ ಶಾಲೆಯಲ್ಲೇ ಅಲ್ವಾ ಅಕ್ಕ. ಮಲಯಾಳ ಮಾತಾಡ್ತೇನೆ, ಬಸ್ಸಿನ ಬೋರ್ಡ್ ಓದ್ತೇನೆ. ಆಧಾರ ಓದ್ಲಿಕ್ಕೆ ನನ್ನಿಂದ ಆಗ್ತದಾ? ಸಾಲ ಸಿಗಬೇಕಾದರೆ ಹೀಗೆ ಮಾಡಿದರೆ ಸುಲಭ ಅಂತ ಬರೆದವರು ಹೇಳಿದರು, ಮಾಡಿದೆ."

ನಂಬಿದೆವಾ? ನಾನು ನಂಬಿದೆ. ಅಣ್ಣನ ವಿಷಯ ಹೇಳಲಾರೆ.

ಸಂಪಾದಕರೇ, ಆಸ್ತಿ ಜಗಳ ಎಲ್ಲ ಕಡೆಯೂ ಉಂಟು. ನಮ್ಮ ಗಡಿನಾಡಿನಲ್ಲಿ ಅದಕ್ಕೆ ಇನ್ನೊಂದು ಗಂಟು ಬೀಳುತ್ತದೆ. ನಮ್ಮ ಕಪಾಟಿನಲ್ಲಿ ಎರಡು ಕಟ್ಟು ಕಾಗದ ಉಂಟು. 1956ಕ್ಕೆ ಮೊದಲು, ಅಂದರೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನ ಅಜ್ಜನ ಆಧಾರಗಳು ಕನ್ನಡದಲ್ಲಿ. ಅಪ್ಪನ ಕಾಲದವು ಮಲಯಾಳದಲ್ಲಿ. ಅಜ್ಜನದ್ದನ್ನು ಕಚೇರಿಯಲ್ಲಿ ತೋರಿಸಿದರೆ ಓದುವವರು ಸಿಗುವುದಿಲ್ಲ. ಅಪ್ಪನದ್ದನ್ನು ಮನೆಯಲ್ಲಿ ಓದುವವರು ಇಲ್ಲ. ಇಂಥ ಕಡೆ ಒಬ್ಬ ಊರಲ್ಲಿದ್ದು ಕಚೇರಿಗೆ ಓಡಾಡಿದರೆ, ದೂರ ಇರುವವರಿಗೆ ಅವನ ಮೇಲೆ ಅನುಮಾನ ಬರದೇ ಇರುತ್ತದಾ?

ದೂರ ಇರುವವರ ಸಲಹೆಗಾರರದ್ದು ಬೇರೆ ಕತೆ. ಅಣ್ಣ ಬೆಂಗಳೂರಿನಿಂದ "ಪಹಣಿ ತೆಗೆದು ಕಳಿಸು" ಎನ್ನುತ್ತಿದ್ದ. ಇಲ್ಲೆಲ್ಲಿಯ ಪಹಣಿ? ಇಲ್ಲಿ ಇರುವುದು ತಂಡಪೇರು (ಜಾಗದ ಖಾತೆ), ಪೋಕುವರವು (ಹೆಸರು ಬದಲಾವಣೆ), ಕುಡಿಕ್ಕಡ (ಋಣಭಾರ ಪತ್ರ). ತಮ್ಮ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅವನಿಗೆ ಅನಿಸಿತು. ಪುತ್ತೂರಿನ ಭಾವ ಕರ್ನಾಟಕದ ಲೆಕ್ಕ ಹೇಳುತ್ತಿದ್ದರು. ಅಲ್ಲಿ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಎಂದು 1994ರಲ್ಲೇ ರಾಜ್ಯ ತಿದ್ದುಪಡಿ ಮಾಡಿತು. ಕೇರಳ ಹೋದದ್ದು ಬೇರೆ ದಾರಿ. ಇಲ್ಲಿ 1975ರ ಕಾಯ್ದೆ, 1976ರ ಡಿಸೆಂಬರ್ 1ರಿಂದ, ಹುಟ್ಟಿನಿಂದ ಬರುವ ಹಕ್ಕನ್ನೇ ತೆಗೆದು ಕೂಡುಕುಟುಂಬಗಳನ್ನು ಪಾಲಾದವು ಎಂದು ಲೆಕ್ಕ ಹಾಕಿತು. ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ ನಮ್ಮ ನೆರೆಯ ಅಳಿಯಸಂತಾನದ ಮನೆಗಳೂ ಅದರಲ್ಲಿ ಸೇರಿದವು. ಆ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟ 2005ರ ಕೇಂದ್ರ ತಿದ್ದುಪಡಿಗೆ ಹೊಂದುವುದಿಲ್ಲ ಎಂದು 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಗಡಿಯ ತಲಪಾಡಿ ದಾಟಿ ಬಂದ ಸಲಹೆಯನ್ನು ಇಲ್ಲಿಯ ವಕೀಲರ ಹತ್ತಿರ ಕೇಳದೆ ನಂಬಬೇಡಿ ಎನ್ನುವುದಕ್ಕೆ ಇಷ್ಟು ಬರೆದೆ.

ನಮ್ಮದು ಇಷ್ಟು ಕಷ್ಟದ ಲೆಕ್ಕ ಅಲ್ಲವೇ ಅಲ್ಲ. ಜಾಗ ಅಜ್ಜನ ಕಾಲದ್ದಾದರೂ ಅಪ್ಪನ ಒಬ್ಬರ ಹೆಸರಿನಲ್ಲಿದ್ದ ಸ್ವಂತದ್ದು. ಹಿಂದೂ ಗಂಡಸು ವೀಲುನಾಮೆ ಇಲ್ಲದೆ ಸತ್ತರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮ. 1956ರಿಂದಲೇ ಹೀಗೆ. ನಮಗೆ ಐದು ಪಾಲು, ಅಮ್ಮನ ನಂತರ ನಾಲ್ಕು. "ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಎನ್ನುವುದು ಅತ್ತಿಗೆ ನಾದಿನಿಯರ ಮಾತಿಗೆ ಸರಿ, ಪಾಲಿನಿಂದ ಅದನ್ನು ಕಳೆಯುವ ಹಾಗಿಲ್ಲ. ಬ್ಯಾಂಕಿನ ಠೇವಣಿಗೆ ನಾಮಿನಿ ಆದವನು ಹಣ ತೆಗೆದುಕೊಡುವವನು ಅಷ್ಟೆ, ಆ ಹಣಕ್ಕೂ ಎಲ್ಲ ವಾರಸುದಾರರು ಉಂಟು. ಇದೂ ನಮ್ಮಲ್ಲಿ ಒಂದು ತಿಂಗಳು ಜಗಳವಾಯಿತು.

ಆದರೆ ಸಮ ಅಂದರೆ ನ್ಯಾಯವಾಯಿತಾ ಎಂದು ನನಗೆ ಈಗ ಅನುಮಾನ. ಅಮ್ಮ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಮೀಯಿಸಿದವಳು, ಬಟ್ಟೆ ಬದಲಿಸಿದವಳು ತಮ್ಮನ ಹೆಂಡತಿ. ನಾನು ಚೌತಿಗೂ ದೀಪಾವಳಿಗೂ ಕಿತ್ತಳೆ ಹಿಡಿದುಕೊಂಡು ಹೋಗುತ್ತಿದ್ದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮಳೆಯ ನಡುವೆ ಬೋರ್ಡೋ ಮದ್ದು ಹೊಡೆಸಿದ್ದು ತಮ್ಮ. ಕಾನೂನು ತಲೆ ಎಣಿಸುತ್ತದೆ, ಈ ಯಾವುದನ್ನೂ ಎಣಿಸುವುದಿಲ್ಲ. ಎಣಿಸಬೇಕಾದವರು ಅಪ್ಪ ಅಮ್ಮ, ಅದೂ ಬದುಕಿರುವಾಗ. ವೀಲುನಾಮೆಗೆ ಎರಡು ಸಾಕ್ಷಿ ಸಾಕು, ರಿಜಿಸ್ಟ್ರಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವಾಗಲೇ ಬರೆದುಕೊಟ್ಟರೆ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ ಇದ್ದರೆ "ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಬರೆಸಿಯೇ ಕೊಡಬಹುದು. ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಉಂಟು.

ನಾವು ಕೋರ್ಟಿಗೆ ಹೋಗಲಿಲ್ಲ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಎಂಬ ತೀರ್ಪು, ಆಮೇಲೆ ಕಮಿಷನರ್ ಬಂದು ಅಳೆದು ಇನ್ನೊಂದು ತೀರ್ಪು. ನಡುವೆ ವರ್ಷಗಟ್ಟಲೆ ಕಳೆಯುತ್ತದೆ. ಮೊದಲ ತೀರ್ಪಾದ ಮೇಲೆ ಕೇಸನ್ನು ಸುಮ್ನೆ ಮೂಲೆಗೆ ಇಡಬೇಡಿ ಎಂದು 2022ರಲ್ಲಿ, ಕೇರಳದ್ದೇ ಒಂದು ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಾವು ಹೋದದ್ದು ಕಾನೂನು ಸೇವಾ ಸಮಿತಿಗೆ. ಅಲ್ಲಿ ಕೋರ್ಟ್ ಫೀಸ್ ಇಲ್ಲ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರ ಸಹಾಯ ಉಚಿತ, ಇದು ನನಗೆ ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಆ ಸಮಿತಿ ನಡೆಸುವ ಲೋಕ ಅದಾಲತ್ತಿನಲ್ಲಿ ಒಪ್ಪಿಗೆಯಾದದ್ದು ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ.

ಅಲ್ಲಿ ಕೂತು ಮಾತಾಡುವಾಗ ಜಾಸ್ತಿ ಹೊತ್ತು ಹಿಡಿದದ್ದು ಹಣ ಅಲ್ಲ, ಸುರಂಗ. ಗುಡ್ಡೆಯ ಭಾಗ ನಮಗೆ ಬಂದರೆ ಸುರಂಗವೂ ನಮಗೆ, ಆಗ ತೋಟಕ್ಕೆ ನೀರಿನ ಗತಿ? ಕೊನೆಗೆ ಮನೆ, ತೋಟ ತಮ್ಮನಿಗೆ, ರಸ್ತೆ ಬದಿಯ ಗುಡ್ಡೆಯಲ್ಲಿ ಉಳಿದ ಮೂವರಿಗೆ ಮೂವತ್ತು ಮೂವತ್ತು ಸೆಂಟ್ಸ್, ಮೇಲೆ ಸ್ವಲ್ಪ ಹಣ, ಸುರಂಗದ ನೀರು ಯಾವತ್ತಿಗೂ ತೋಟಕ್ಕೆ ಎಂದು ಬರೆಸಿದೆವು. ಅಣ್ಣ ರಸ್ತೆ ಬದಿಯ ಸೆಂಟ್ಸಿನ ರೇಟು ಹಿಡಿದು ತೋಟವನ್ನೂ ಲೆಕ್ಕ ಹಾಕಿ ಎನ್ನುತ್ತಿದ್ದ. ಅವನ ರುಜು ಬೀಳಲು ನಾಲ್ಕು ತಿಂಗಳು ಹಿಡಿಯಿತು.

ಇನ್ನು ನನ್ನ ಕೇಳಿಕೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನೋಂದಣಿ ಕಾಯ್ದೆಯ 19ನೇ ಸೆಕ್ಷನ್ ಅನುವಾದ ಕೇಳುವುದು ಅಧಿಕಾರಿಗೂ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದ ಭಾಷೆಗೆ. ಕನ್ನಡ ಕಾಸರಗೋಡಿನಲ್ಲಿ ಬಳಕೆಯಲ್ಲಿಲ್ಲ ಎಂದು ಯಾರು ಹೇಳುತ್ತಾರೆ ನೋಡೋಣ. ಹಕ್ಕು ಬಿಡುವ, ಪಾಲು ಮಾಡುವ ಕಾಗದಕ್ಕೆ ರುಜು ಬೀಳುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳುವ, ಒಂದು ಕನ್ನಡ ಪ್ರತಿ ಕೈಗೆ ಕೊಡುವ ಕ್ರಮ ಮಂಜೇಶ್ವರ, ಕಾಸರಗೋಡು ತಾಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಬರಲಿ. ನಮ್ಮ ಶಾಸಕರು ಭಾಷೆಯ ಬಗ್ಗೆ ಮಾತಾಡುವಾಗ ಇದನ್ನೂ ಕೇಳಲಿ. ನೀವು ವಾರಕ್ಕೊಮ್ಮೆ ಇಲ್ಲಿಯ ವಕೀಲರಿಂದ ಒಂದು ಅಂಕಣ ಬರೆಸಿದರೆ ಓದಲು ನಾನಂತೂ ಇದ್ದೇನೆ.

ನಮ್ಮ ಹೊಸ ಕಾಗದವನ್ನು ನಾವೇ ಕನ್ನಡಕ್ಕೆ ಮಾಡಿಸಿ ನಾಲ್ಕು ಪ್ರತಿ ತೆಗೆಸಿದೆವು. ಓದಿ ಹೇಳಿದವಳು ಅದೇ ಹುಡುಗಿ. ಅಣ್ಣನ ಪ್ರತಿ ಇನ್ನೂ ತಮ್ಮನ ಕಪಾಟಿನಲ್ಲೇ ಉಂಟು. ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ.

ಇಂತಿ,
ಬದಿಯಡ್ಕ ಕಡೆಯ ಒಬ್ಬ ಓದುಗಾರ್ತಿ
(ಈಗ ಮಂಗಳೂರು)