ಎಂಜಿನ್ನಿಗಿಂತ ಮೊದಲು ಟ್ಯಾಂಕಿನ ವಿಚಾರವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಚಿತ್ರದುರ್ಗದ ಹೊರವಲಯದ ಕಲ್ಲುಗುಡ್ಡಗಳಲ್ಲಿ ನಮ್ಮ ಭಾಗದ ಯುವಕರು ತಾವೇ ಮಾರ್ಪಡಿಸಿದ ಜಿಪ್ಸಿ, ಜೀಪುಗಳನ್ನು ಪಂದ್ಯ ಕಟ್ಟಿ ಓಡಿಸುವುದರ ಬಗ್ಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಸಚಿತ್ರ ಬರಹವನ್ನು ಓದಿದೆ. ಹುಡುಗರ ಕೈಚಳಕವನ್ನು ಮೆಚ್ಚಿ ಬರೆದದ್ದು ಸರಿಯಾಗಿಯೇ ಇದೆ. ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ಗ್ಯಾರೇಜು ನಡೆಸುತ್ತ, ಇಂಥ ಕೆಲವು ಗಾಡಿಗಳಿಗೆ ಇಂಧನ ವ್ಯವಸ್ಥೆಯನ್ನು ಕೈಯಾರೆ ಕಟ್ಟಿಕೊಟ್ಟಿರುವ ನನಗೂ ಅದು ಸಂತೋಷದ ವಿಷಯವೇ. ಆದರೆ ಬರಹದ ಜೊತೆಗಿದ್ದ ಒಂದು ಚಿತ್ರದಲ್ಲಿ, ಚಾಲಕನ ಸೀಟಿನ ಬೆನ್ನಿಗೇ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನೊಂದನ್ನು ಸೈಕಲ್ ಟ್ಯೂಬಿನಿಂದ ಬಿಗಿದು, ಅದರ ಮುಚ್ಚಳಕ್ಕೆ ತೂತು ಕೊರೆದು ಎರಡು ರಬ್ಬರ್ ಪೈಪು ಇಳಿಬಿಟ್ಟಿದ್ದು ಕಾಣಿಸಿತು. ಚಿತ್ರದ ಅಡಿಬರಹದಲ್ಲಿ ಎಂಜಿನ್ನಿನ ಅಶ್ವಶಕ್ತಿ ಇತ್ತು, ಟೈರಿನ ಅಳತೆ ಇತ್ತು, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚು ಎಷ್ಟು ಭಾರ ಎಳೆಯುತ್ತದೆ ಎಂಬುದೂ ಇತ್ತು. ಆ ಕ್ಯಾನಿನ ಮಾತು ಮಾತ್ರ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆ ಈ ಗಾಡಿಗಳಿಗೆ ಅಕ್ಷರಶಃ ಒಪ್ಪುತ್ತದೆ.

ಮೂಲ ಟ್ಯಾಂಕನ್ನು ತೆಗೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಜಿಪ್ಸಿಯ ನಲವತ್ತು ಲೀಟರಿನ ಟ್ಯಾಂಕು ಹಿಂಭಾಗದ ನೆಲದಡಿಯಲ್ಲಿ ತೂಗುತ್ತಿರುವುದರಿಂದ, ಬಂಡೆಯಿಂದ ಇಳಿಯುವಾಗ ಮೊದಲು ಏಟು ತಿನ್ನುವ ಅಂಗಗಳಲ್ಲಿ ಅದೂ ಒಂದು. ಅದನ್ನು ಬಿಚ್ಚಿ, ಗಾಡಿಯ ಚೌಕಟ್ಟಾದ ಚಾಸಿಯ ನಡುವೆ ಎತ್ತರದಲ್ಲಿ ಬೇರೊಂದನ್ನು ಕೂರಿಸುವುದು ನ್ಯಾಯವಾದ ಕೆಲಸ. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ಎಂಜಿನ್, ಸಸ್ಪೆನ್ಷನ್, ಟೈರು, ದೀಪ ಎಲ್ಲಕ್ಕೂ ಹಣ ಸುರಿದು ಮುಗಿದ ಮೇಲೆ ಉಳಿದ ಮೂಲೆಯಲ್ಲಿ, ಉಳಿದ ಪುಡಿಗಾಸಿನಲ್ಲಿ ಟ್ಯಾಂಕು ಕಟ್ಟುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಟ್ಯಾಂಕಿನ ಜಾಗ ಮೊದಲು ಗೊತ್ತಾಗಬೇಕು, ಮಿಕ್ಕದ್ದು ಅದಕ್ಕೆ ಹೊಂದಿಕೊಳ್ಳಬೇಕು.

ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಉದ್ದ 60 ಸೆಂಟಿಮೀಟರ್, ಅಗಲ 30, ಎತ್ತರ 25 ಇರುವ ಪೆಟ್ಟಿಗೆಯಂಥ ಟ್ಯಾಂಕು 45 ಲೀಟರ್ ಹಿಡಿಯುತ್ತದೆ. ಅದರಲ್ಲಿ ಎಂಟು ಲೀಟರ್ ಪೆಟ್ರೋಲ್ ಉಳಿದಿದೆ ಎಂದುಕೊಳ್ಳಿ. ಸಮನೆಲದಲ್ಲಿ ನಿಂತಾಗ ತಳದಿಂದ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಎತ್ತರ ಪೆಟ್ರೋಲ್ ಇರುತ್ತದೆ, ಯಾರಿಗೂ ಚಿಂತೆಯಿಲ್ಲ. ಅದೇ ಗಾಡಿ 30 ಡಿಗ್ರಿ ಏರಿಗೆ ಮೂತಿಯಿಟ್ಟ ಕೂಡಲೇ ಎಂಟು ಲೀಟರೂ ಹಿಂದಿನ ಗೋಡೆಗೆ ತ್ರಿಕೋನದಂತೆ ಸರಿದು, ತಳದ ಹಿಂದಿನ ಅರ್ಧವನ್ನಷ್ಟೇ ಮುಚ್ಚುತ್ತದೆ; ಮುಂದಿನ ಅರ್ಧ ಒಣಗಿಹೋಗುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ಟ್ಯಾಂಕಿನ ನಟ್ಟನಡುವೆ ಇದ್ದರೆ ಅದರ ಬಾಯಿ ಸರಿಯಾಗಿ ದಂಡೆಯ ಮೇಲೆ ನಿಂತಂತಾಯಿತು. ಒಂದು ಕುಲುಕಾಟಕ್ಕೆ ಅದು ಗಾಳಿ ಎಳೆಯುತ್ತದೆ, ಎಂಜಿನ್ ಗಂಟಲು ಕಟ್ಟಿದಂತೆ ಕೆಮ್ಮಿ ಏರಿನ ಮಧ್ಯದಲ್ಲೇ ನಿಲ್ಲುತ್ತದೆ. ಎಂಜಿನ್ ನಿಂತರೆ ಬ್ರೇಕಿನ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿಗೆ ನಿರ್ವಾತದ ನೆರವೂ ನಿಲ್ಲುತ್ತದೆ, ಗಾಡಿ ಹಿಮ್ಮುಖವಾಗಿ ಜಾರುತ್ತದೆ. ಮೀಟರು ಆಗಲೂ ಪೆಟ್ರೋಲ್ ಇದೆ ಎಂದೇ ತೋರಿಸುತ್ತಿರುತ್ತದೆ. ಕಾರ್ಬುರೇಟರನ್ನೋ ಪ್ಲಗ್ಗನ್ನೋ ಬೈಯುತ್ತ ಅರ್ಧ ದಿನ ಕಳೆದವರನ್ನು ನಾನು ಕಂಡಿದ್ದೇನೆ.

ಟ್ಯಾಂಕಿನೊಳಗೆ ತಡೆಗೋಡೆಗಳನ್ನು ಬೆಸೆಯುವುದರಿಂದ ಕುಲುಕಾಟ ತಗ್ಗುತ್ತದೆಯೇ ಹೊರತು, ನಿಮಿಷಗಟ್ಟಲೆ ಏರಿನಲ್ಲಿ ನಿಲ್ಲುವ ಗಾಡಿಗೆ ಅಷ್ಟೇ ಸಾಲದು. ಅದಕ್ಕೆ ಇರುವ ಉಪಾಯ ಸರ್ಜ್ ಟ್ಯಾಂಕು, ಅಂದರೆ ಒಂದೂವರೆ ಲೀಟರಿನ, ನೆಟ್ಟಗೆ ನಿಲ್ಲುವ ತೆಳ್ಳನೆಯ ಸಿಲಿಂಡರು. ಕಡಿಮೆ ಒತ್ತಡದ ಒಂದು ಪಂಪು ದೊಡ್ಡ ಟ್ಯಾಂಕಿನಿಂದ ಇದನ್ನು ಸದಾ ತುಂಬಿಸುತ್ತಿರುತ್ತದೆ. ಹೆಚ್ಚಾದದ್ದು ಇದರ ನೆತ್ತಿಯಿಂದ ದೊಡ್ಡ ಟ್ಯಾಂಕಿಗೆ ಮರಳುತ್ತದೆ, ಜೊತೆಗೆ ಗಾಳಿಗುಳ್ಳೆಯೂ ಹೊರಟುಹೋಗುತ್ತದೆ. ತಳದಿಂದ ಎರಡನೆಯ ಪಂಪು ಸುಮಾರು ಮೂರು ಬಾರ್ ಒತ್ತಡದಲ್ಲಿ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಕಳಿಸುತ್ತದೆ. ಎಂಬತ್ತು ಅಶ್ವಶಕ್ತಿಯ ಜಿಪ್ಸಿ ಎಂಜಿನ್ ಪೂರ್ತಿ ಆಕ್ಸಿಲರೇಟರಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 25 ಲೀಟರ್ ಕುಡಿಯುತ್ತದೆಂದು ಹಿಡಿದರೂ, ದೊಡ್ಡ ಟ್ಯಾಂಕಿನಿಂದ ಹನಿಯೂ ಬಾರದಿದ್ದಾಗ ಈ ಒಂದೂವರೆ ಲೀಟರ್ ಮೂರೂವರೆ ನಿಮಿಷ ಸಾಕಾಗುತ್ತದೆ. ನಮ್ಮ ಯಾವ ಗುಡ್ಡದ ಏರಿಗೂ ಅಷ್ಟು ಹೊತ್ತು ಬೇಡ.

ಇಲ್ಲೊಂದು ತಪ್ಪನ್ನು ಹತ್ತರಲ್ಲಿ ಎಂಟು ಜನ ಮಾಡುತ್ತಾರೆ, ಮೊದಲ ಸಲ ನಾನೂ ಮಾಡಿದ್ದೆ. ಬಳಕೆಯಾಗದೆ ಉಳಿದ ಪೆಟ್ರೋಲ್ ಎಂಜಿನ್ನಿನಿಂದ ಹಿಂದಿರುಗುವ ಪೈಪನ್ನು ಸರ್ಜ್ ಟ್ಯಾಂಕಿಗೆ ಕೊಡದೆ ದೊಡ್ಡ ಟ್ಯಾಂಕಿಗೆ ಕೊಟ್ಟುಬಿಡುವುದೇ ಆ ತಪ್ಪು. ಗಂಟೆಗೆ ನೂರು ಲೀಟರ್ ತಳ್ಳುವ ಪಂಪು ಎಂಜಿನ್ನಿಗೆ ಬೇಕಾದ್ದರ ನಾಲ್ಕರಷ್ಟನ್ನು ಸುತ್ತಿಸುತ್ತಿರುತ್ತದೆ. ಹಿಂದಿರುಗಿದ್ದೆಲ್ಲ ಬೇರೆಡೆಗೆ ಹೋದರೆ ಆ ಒಂದೂವರೆ ಲೀಟರ್ ಮೂರೂವರೆ ನಿಮಿಷವಲ್ಲ, ಒಂದು ನಿಮಿಷದೊಳಗೇ ಬರಿದಾಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿಯೂ ಗಾಡಿ ಏರಿನಲ್ಲಿ ನಿಂತಾಗ ಆಗುವ ಅವಮಾನವನ್ನು ಅನುಭವಿಸಿದವರೇ ಬಲ್ಲರು.

ಅವಮಾನಕ್ಕಿಂತ ದೊಡ್ಡದೊಂದನ್ನು ಹೇಳಲೆಂದೇ ಈ ಪತ್ರ ಬರೆಯಲು ಕುಳಿತೆ. ಕೆಲವು ವರ್ಷಗಳ ಹಿಂದೆ, ಚಿತ್ರದುರ್ಗದ ಹತ್ತಿರ ಖಾಸಗಿ ಜಮೀನಿನ ಹಳೆಯ ಕಲ್ಲುಕ್ವಾರಿಯೊಂದರಲ್ಲಿ, ನಾನೇ ಕಟ್ಟಿದ ಗಾಡಿ ನಿಧಾನವಾಗಿ, ದಣಿದ ಎಮ್ಮೆ ಮಲಗಿದ ಹಾಗೆ, ಎಡಮಗ್ಗುಲಿಗೆ ಉರುಳಿತು. ಉರುಳಿದಾಗ ಒಳಗಿದ್ದವರನ್ನು ಕಾಯುವ ಕೊಳವೆಗಳ ಗೂಡು, ಅಂದರೆ ರೋಲ್ ಕೇಜ್ ಇತ್ತು, ಬೆಲ್ಟ್ ಇತ್ತು, ಯಾರಿಗೂ ಗಾಯವಾಗಲಿಲ್ಲ. ನಾನು ಪಕ್ಕಕ್ಕೆ ಜೋತುಬಿದ್ದು ಬೆಲ್ಟಿನ ಬಕಲ್ ತಡಕುತ್ತಿದ್ದಾಗ ಟಿಕ್, ಟಿಕ್ ಎಂಬ ಸದ್ದು ಕೇಳಿಸಿತು. ಟ್ಯಾಂಕಿಗೆ ಗಾಳಿಯಾಡಲು ಬಿಟ್ಟಿದ್ದ ವೆಂಟ್ ಪೈಪಿನ ಬಾಯಿ ಎಡಬದಿಯಲ್ಲೇ ಇತ್ತು. ಗಾಡಿ ಮಗ್ಗುಲಾದಾಗ ಅದು ಪೆಟ್ರೋಲಿಗಿಂತ ಕೆಳಗಾಗಿ, ಹನಿ ಧಾರೆಯಾಗಿ, ಸೈಲೆನ್ಸರಿನಿಂದ ಒಂದು ಗೇಣು ದೂರದ ಬಿಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ಗೆಳೆಯರೊಬ್ಬರು ಓಡಿಬಂದು ಬ್ಯಾಟರಿಯ ಸ್ವಿಚ್ ತಿರುಗಿಸಿದರು, ಇನ್ನೊಬ್ಬರು ಮಣ್ಣು ಎರಚಿದರು. ಬೆಂಕಿ ಹತ್ತಲಿಲ್ಲ ಎಂಬುದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮೇಲೆ ತೆವಳುತ್ತ ಕಿಡಿ ಹುಡುಕಿಕೊಂಡು ಹೋಗುವ ಜಾತಿ ಅದು. ಮಾರನೆಯ ವಾರವೇ ಉರುಳಿದಾಗ ತಾನಾಗಿ ಮುಚ್ಚಿಕೊಳ್ಳುವ, ಒಳಗೊಂದು ಗುಂಡಿರುವ ವಾಲ್ವನ್ನು ಹಾಕಿಸಿ, ವೆಂಟ್ ಪೈಪನ್ನು ಟ್ಯಾಂಕಿನ ಮೇಲೆ ಒಂದು ಸುತ್ತು ಬಳಸಿ ತಂದು ಎದುರು ಬದಿಯಲ್ಲಿ ಕೆಳಗೆ ಬಿಟ್ಟೆ. ಒಂದು ಜೊತೆ ಟೈರಿನ ಬೆಲೆಯ ಮುಂದೆ ಆ ವಾಲ್ವಿನ ಬೆಲೆ ಲೆಕ್ಕಕ್ಕೇ ಬಾರದು.

ವಿದ್ಯುತ್ತಿನ ಕಡೆಯ ಮಾತು ಚಿಕ್ಕದು. ಕಂಪನಿ ಗಾಡಿಯಲ್ಲಿ ಎಂಜಿನ್ ನಿಂತ ಕೆಲವೇ ಕ್ಷಣಗಳಲ್ಲಿ ಕಂಪ್ಯೂಟರು ಪಂಪನ್ನು ನಿಲ್ಲಿಸುತ್ತದೆ. ನಮ್ಮ ಹುಡುಗರು ಪಂಪಿಗೆ ಡ್ಯಾಶ್‌ಬೋರ್ಡಿನಿಂದ ನೇರ ಸ್ವಿಚ್ ಕೊಡುತ್ತಾರೆ. ಗಾಡಿ ಬಿದ್ದು ಪೈಪು ಹರಿದರೂ ಅದು ನಿಷ್ಠೆಯಿಂದ ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಏಟು ಬಿದ್ದೊಡನೆ ಸಂಪರ್ಕ ಕಡಿಯುವ ಇನರ್ಷಿಯಾ ಸ್ವಿಚ್ ಹಳೆಯ ಕಾರುಗಳ ಗುಜರಿಯಲ್ಲೂ ಸಿಗುತ್ತದೆ.

ಪೈಪುಗಳ ವಿಷಯದಲ್ಲಿ ನಮ್ಮ ಜಿಲ್ಲೆಗೊಂದು ವಿಶೇಷ ನಂಟಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದೆ. ಆ ಎಥೆನಾಲಿಗೆ ಈಗ ದೊಡ್ಡ ಮೂಲ ಮೆಕ್ಕೆಜೋಳ, ನಮ್ಮ ಹೊಲಗಳಲ್ಲಿ ಬೆಳೆಯುವ ಅದೇ ಮೆಕ್ಕೆಜೋಳ. ರೈತರಿಗೆ ಬೆಲೆ ಸಿಗುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಹಳೆಯ ಬಗೆಯ ಕಪ್ಪು ರಬ್ಬರ್ ಪೈಪು ಇದನ್ನು ತಾಳುವುದಿಲ್ಲ. ಒಳಗಿನಿಂದ ಉಬ್ಬಿ, ಮೆತ್ತಗಾಗಿ, ಬೆರಳಲ್ಲಿ ಉಜ್ಜಿದರೆ ಮಸಿ ಬಿಡುತ್ತದೆ. ಇಂಜೆಕ್ಷನ್ ಎಂಜಿನ್ನಿಗೆ ಕನಿಷ್ಠ ಎಸ್‌ಎಇ 30ಆರ್9 ಎಂಬ ಮುದ್ರೆಯಿರುವ ಪೈಪು ಬೇಕು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ 30ಆರ್10 ಎಂಬ ಬೇರೆಯೇ ದರ್ಜೆ ಇದೆ, ಏಕೆಂದರೆ ಅದು ಹೊರಗಿನಿಂದಲೂ ನೆನೆಯುತ್ತದೆ. ಶಕ್ತಿಯಿದ್ದವರು ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರ, ಹೊರಗೆ ಉಕ್ಕಿನ ಹೆಣಿಗೆ ಇರುವ ಪೈಪಿಗೆ ಹೋಗಬಹುದು. ಎಥೆನಾಲ್ ಗಾಳಿಯ ತೇವವನ್ನೂ ಹೀರುವುದರಿಂದ, ವರ್ಷಕ್ಕೆರಡು ಸಲ ಮಾತ್ರ ಹೊರಡುವ ಪಂದ್ಯದ ಗಾಡಿಯ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಮಳೆಗಾಲ ಕಳೆಯುವುದು ತುಕ್ಕಿಗೆ ಕೊಡುವ ಆಹ್ವಾನ.

ಇನ್ನು ಟ್ಯಾಂಕು ಬೆಸೆಯುವ ಕೆಲಸ. ಹೊಸ ಅಲ್ಯೂಮಿನಿಯಂ ಹಾಳೆಯಲ್ಲಿ ಟಿಗ್ ವೆಲ್ಡಿಂಗ್ ಮಾಡಿ ಕಟ್ಟುವುದಾದರೆ ಭಯವಿಲ್ಲ. ಹಳೆಯ ಟ್ಯಾಂಕನ್ನು ಕತ್ತರಿಸಿ ಹೊಂದಿಸುವುದೇ ಅಪಾಯಕಾರಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಕೇಡು. ಗಾಳಿಯಲ್ಲಿ ಆವಿಯ ಪಾಲು ನೂರಕ್ಕೆ ಒಂದೂವರೆಯಿಂದ ಏಳರ ತನಕ ಇದ್ದರೆ ಒಂದು ಕಿಡಿ ಸಾಕು, ತಳದಲ್ಲಿ ಒಂದು ಚಮಚ ಪೆಟ್ರೋಲ್ ಉಳಿದರೂ ಆ ಪ್ರಮಾಣ ಒದಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಬೆಸೆಯುವ ಜಾಗದವರೆಗೂ ನೀರು ತುಂಬಿಸಿಟ್ಟುಕೊಳ್ಳದೆ ನನ್ನ ಷೆಡ್ಡಿನಲ್ಲಿ ಯಾರೂ ವೆಲ್ಡಿಂಗ್ ಟಾರ್ಚ್ ಮುಟ್ಟುವುದಿಲ್ಲ. ಮುಗಿದ ಮೇಲೆ ಸೋರಿಕೆ ನೋಡಲು ಟೈರಿಗೆ ಗಾಳಿ ಹಾಕುವಂತೆ ಕಂಪ್ರೆಸರ್ ಹಚ್ಚಬಾರದು. ಎರಡು ಮೂರು ಪೌಂಡು ಗಾಳಿ, ಮೇಲೊಂದಿಷ್ಟು ಸೋಪಿನ ನೊರೆ, ಅಷ್ಟೇ.

ನಿಜವಾದ ಸ್ಪರ್ಧೆಗಳಲ್ಲಿ ಇದನ್ನೂ ಮೀರಿದ ಏರ್ಪಾಡಿದೆ. 1964ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್ 500 ಪಂದ್ಯದ ಎರಡನೇ ಸುತ್ತಿನಲ್ಲಿ ಟ್ಯಾಂಕು ಒಡೆದು ಎದ್ದ ಬೆಂಕಿಗೆ ಎಡ್ಡಿ ಸ್ಯಾಕ್ಸ್, ಡೇವ್ ಮ್ಯಾಕ್‌ಡೊನಾಲ್ಡ್ ಎಂಬ ಇಬ್ಬರು ಚಾಲಕರು ಬಲಿಯಾದ ಮೇಲೆ, ಲೋಹದ ಪೆಟ್ಟಿಗೆಯೊಳಗೆ ಹರಿಯದ ರಬ್ಬರಿನ ಚೀಲ, ಚೀಲದೊಳಗೆ ಸ್ಪಂಜು ಇರುವ ಫ್ಯುಯಲ್ ಸೆಲ್ ಬಳಕೆಗೆ ಬಂತು. 1970ರಲ್ಲಿ ಫಾರ್ಮುಲಾ ಒನ್ ಅದನ್ನು ಕಡ್ಡಾಯ ಮಾಡಿತು. ಜಾಗತಿಕ ಮೋಟಾರು ಪಂದ್ಯಗಳ ನಿಯಮ ರೂಪಿಸುವ ಎಫ್‌ಐಎ ಸಂಸ್ಥೆಯ ಎಫ್‌ಟಿ3 ದರ್ಜೆಯ ಚೀಲಕ್ಕೆ ತಯಾರಾದ ದಿನದಿಂದ ಐದು ವರ್ಷ ಆಯುಷ್ಯ. ಇದು ದುಬಾರಿ, ಭಾನುವಾರ ಕ್ವಾರಿಗೆ ಹೋಗಿ ಬರುವ ಹುಡುಗರಿಗೆ ಇದನ್ನು ತರಿಸಿಕೊಳ್ಳಿ ಎಂದು ನಾನು ಹೇಳಲಾರೆ. ಇನ್ನೊಬ್ಬರ ಹಳೆಯ ಚೀಲವನ್ನು ಅಗ್ಗಕ್ಕೆ ಕೊಳ್ಳಬೇಡಿ ಎಂದು ಮಾತ್ರ ಹೇಳಬಲ್ಲೆ, ಅದರ ಸ್ಪಂಜು ಪುಡಿಯಾಗಿ ಫಿಲ್ಟರು ಕಟ್ಟುತ್ತದೆ.

ಇನ್ನು, ಹೀಗೆ ಮಾರ್ಪಡಿಸಿದ ಗಾಡಿಯನ್ನು ರಸ್ತೆಗಿಳಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ. ದಾವಣಗೆರೆಯಿಂದ ದುರ್ಗದವರೆಗೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿ ಪಂದ್ಯ ಆಡುತ್ತೇವೆ ಎನ್ನುವವರು ಟ್ರೇಲರಿನ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪಂದ್ಯ ಏರ್ಪಡಿಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬೆಳಿಗ್ಗೆ ಹೆಲ್ಮೆಟ್, ಬೆಲ್ಟ್ ನೋಡುವ ಹೊತ್ತಿನಲ್ಲೇ ಎಂಜಿನ್ ಚಾಲೂ ಇಟ್ಟು ಟ್ಯಾಂಕಿನಿಂದ ಎಂಜಿನ್‌ವರೆಗೆ ಪ್ರತಿ ಪೈಪನ್ನೂ ಕೈಯಿಂದ ಸವರಿ ನೋಡಲಿ. ವೆಂಟಿನ ಬಾಯಿ ಎಲ್ಲಿದೆ ಎಂದು ಕೇಳಲಿ. ಚಾಲಕನಿಗೂ ಟ್ಯಾಂಕಿಗೂ ನಡುವೆ ತಗಡಿನ ಗೋಡೆ ಇಲ್ಲದ ಗಾಡಿಯನ್ನು ವಾಪಸ್ ಕಳಿಸಲಿ. 1951ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ನಮ್ಮದು, ತಪಾಸಣೆ ಬಲ್ಲವರಿಗೆ ಬರವಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಗುಡ್ಡಗಾಡು ಗಾಡಿಗಳ ಬಾಹಾ ಸ್ಪರ್ಧೆಯಲ್ಲಿ ಪುಟ್ಟ ಎಂಜಿನ್ನಿಗೂ, ಚೆಲ್ಲಿದ ಪೆಟ್ರೋಲ್ ಬಿಸಿ ಭಾಗಕ್ಕೆ ತಾಗದಂತೆ ತಟ್ಟೆ ಇಡಲೇಬೇಕೆಂಬ ನಿಯಮವಿದೆ.

ಚಿತ್ರದಲ್ಲಿದ್ದ ಆ ಹುಡುಗರು ಈ ಪತ್ರ ಓದುವುದಾದರೆ ಒಂದು ಮಾತು: ಗಾಡಿಯನ್ನು ನನ್ನ ಷೆಡ್ಡಿಗೆ ತನ್ನಿ, ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ. ಹಾಳೆಯ ಬೆಲೆ, ಪೈಪಿನ ಬೆಲೆ ನಿಮ್ಮದು, ಕೂಲಿ ಬೇಡ. ಆ ಕ್ಯಾನನ್ನು ಮಾತ್ರ ಖಾಲಿ ಮಾಡಿ, ಮನೆಯಲ್ಲೇ ಬಿಟ್ಟು ಬನ್ನಿ.

ಇಂತಿ,
ಗ್ಯಾರೇಜು ನಡೆಸುವ ಒಬ್ಬ ಓದುಗ,
ದಾವಣಗೆರೆ