ವೊಲೆಂಡಾಮ್ ಬಂದರಿನ ಚಿತ್ರ

ಆಮ್‌ಸ್ಟರ್‌ಡ್ಯಾಮ್

ಅಪ್ಪ, ಅಮ್ಮನಿಗೆ ನಮಸ್ಕಾರ.

ಪಾರ್ಸಲ್ಲಿನಲ್ಲಿರುವುದು ಇಲ್ಲಿಗೆ ಹತ್ತಿರದ ವೊಲೆಂಡಾಮ್ ಊರಿನ ಹಳೆಯ ಮೀನುಗಾರಿಕೆ ಬಂದರಿನ ಎಣ್ಣೆಚಿತ್ರ. ಬಣ್ಣ ಚೆಂದವೇ, ಆದರೆ ಮಲ್ಪೆ ಧಕ್ಕೆ ಬಲ್ಲ ಅಪ್ಪನಿಗೆ ಇದರಲ್ಲಿ ಬಣ್ಣಕ್ಕಿಂತ ಹೆಚ್ಚು ಕಾಣುತ್ತದೆ.

ಮೊದಲು ದೋಣಿ ನೋಡಿ. ಇದಕ್ಕೆ ಬೋಟರ್ ಎನ್ನುತ್ತಾರೆ. ಆಗ ಅಲ್ಲಿದ್ದ ಜೌಡರ್‌ಜೀ ಎಂಬ ಕಡಲಿನ ಆಳ ಬಹುಪಾಲು ನಾಲ್ಕೈದು ಮೀಟರಷ್ಟೇ ಇತ್ತು, ಹಾಗಾಗಿ ತಳ ಚಪ್ಪಟೆ. ಚಪ್ಪಟೆ ತಳದ ದೋಣಿ ಅಡ್ಡಗಾಳಿಗೆ ಓರೆಯಾಗಿ ಜಾರುತ್ತದೆ. ಅದನ್ನು ತಡೆಯಲೆಂದೇ ಎರಡೂ ಪಕ್ಕಕ್ಕೆ ಬೀಸಣಿಗೆಯಂಥ ಹಲಗೆಗಳಿವೆ. ಸಾಗುವಾಗ ಗಾಳಿಮರೆಯ, ಎಂದರೆ ಗಾಳಿ ಬರುವ ಕಡೆಗೆ ಎದುರು ಪಕ್ಕದ, ಹಲಗೆ ಮಾತ್ರ ನೀರಿಗಿಳಿಯುತ್ತದೆ. ಬಂದರಿನಲ್ಲಿ ಎರಡನ್ನೂ ಎತ್ತಿ ಕಟ್ಟುತ್ತಾರೆ. ನಮ್ಮ ಚಿತ್ರದಲ್ಲಿ ಎರಡೂ ಮೇಲಿವೆ, ಪತಾಕೆಯೂ ಚಿಮಣಿ ಹೊಗೆಯೂ ಒಂದೇ ದಿಕ್ಕಿಗಿವೆ. ಬಂದರಿನಲ್ಲಿ ನಿಂತು ನೋಡಿದವರ ಕೈ ಇದು ಎಂದು ನನಗನಿಸುವುದು ಇದರಿಂದಲೇ. ದೋಣಿಯ ಹೊಟ್ಟೆಯೊಳಗೆ ತೂತುಗಳಿರುವ ನೀರಿನ ಕೋಣೆಯೊಂದಿದೆ, ಹಾವುಮೀನನ್ನು ಜೀವಂತ ತರಲು. ಅದು ಚಿತ್ರದಲ್ಲಿ ಕಾಣದು.

ಹಾಯಿಯ ಕಂದು ಚಿತ್ರಕಾರನ ಇಷ್ಟದ ಬಣ್ಣವಲ್ಲ. ಹತ್ತಿಯ ಹಾಯಿ, ಬಲೆ ಕೊಳೆಯದಿರಲೆಂದು ಬಿಸಿ ಕಾಚಿನ ನೀರಲ್ಲಿ ಅದ್ದಿ ಒಣಗಿಸುತ್ತಿದ್ದರು. ನಮ್ಮಲ್ಲಿ ಎಲೆಯಡಿಕೆಗೆ ಹಾಕುವ ಅದೇ ಕಾಚು, ಏಷ್ಯಾದಿಂದ ಹಡಗಿನಲ್ಲಿ ಬರುತ್ತಿತ್ತು. ಮಳೆ ಬಿಸಿಲಿಗೆ ಬಣ್ಣ ಬಿಡುತ್ತದೆ, ಮತ್ತೆ ಅದ್ದಬೇಕು. ಒಂದೊಂದು ಹಾಯಿಯೂ ಒಂದೊಂದು ಕಂದಾಗಿರುವುದು ಅದಕ್ಕೇ. ಹಾಯಿಯ ಮೇಲಿರುವ 'ವಿಡಿ' ವೊಲೆಂಡಾಮ್ ದೋಣಿಗಳ ನೋಂದಣಿ ಗುರುತು.

ಹೆಂಗಸರ ಮೇಲೆದ್ದ ರೆಕ್ಕೆಯ ಬಿಳಿ ಟೋಪಿ ಭಾನುವಾರದ ಉಡುಗೆ. ಮೀನು ಆರಿಸುವಾಗಲೂ ಅದನ್ನೇ ತೊಡಿಸಿದ್ದು ಚಿತ್ರಕಾರನ ಸಲಿಗೆ, ಹವಳದ ಸರಕ್ಕೂ ಪಟ್ಟೆಯ ಮುಂದುಡುಗೆಗೂ ಒಪ್ಪಲೆಂದು. 1881ರಲ್ಲಿ ಅಲ್ಲಿ ಸ್ಪಾಂಡರ್ ಹೋಟೆಲ್ ಶುರುವಾದ ಮೇಲೆ ದೇಶದೇಶಗಳ ಚಿತ್ರಕಾರರು ಬಂದು ತಂಗಿದರು, ಕೆಲವರು ಬಾಡಿಗೆಗೆ ಚಿತ್ರವನ್ನೇ ಕೊಟ್ಟರು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಕಡಲಿನ ಬಾಯಿ ಮುಚ್ಚಿದರು. ಉಪ್ಪುನೀರು ಸಿಹಿಯಾಯಿತು, ಹೆರಿಂಗ್, ಆಂಚೊವಿ ಮೀನುಗಳು ಹೋದವು. ಈ ಧಕ್ಕೆಯ ಗಿಜಿಗಿಜಿ ಅದಕ್ಕೂ ಹಿಂದಿನದು.

ಇನ್ನು ತೂಗುಹಾಕುವ ಮಾತು. ಮಳೆ ಬಡಿಯುವ ಹೊರಗೋಡೆ ಬೇಡ, ನಡುಮನೆಯ ಒಳಗೋಡೆಯೇ ಸರಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೂಚಿನ ತುಂಡು ಅಂಟಿಸಿ, ಗಾಳಿಯಾಡದಿದ್ದರೆ ಆಷಾಢದಲ್ಲಿ ಬೂಸ್ಟು ಹಿಡಿಯುತ್ತದೆ. ಕ್ಯಾನ್ವಾಸ್ ಸಡಿಲವಾಯಿತೆಂದು ಹಿಂದಿನ ಬೆಣೆ ಹೊಡೆಯಬೇಡಿ. ಒಣಹವೆಯಲ್ಲಿ ಅದು ಬಿಗಿದು ಬಣ್ಣ ಬಿರಿಯುತ್ತದೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ ಅಮ್ಮ, ಮೃದುವಾದ ಒಣ ಕುಂಚದಲ್ಲಿ ಧೂಳು ತೆಗೆದರೆ ಸಾಕು.

ನಿಮ್ಮ ಮಗಳು